ಅಥಣಿ ರಸ್ತೆ: ನೀರಿನ ಬೆನ್ನು ಹತ್ತಿ

ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಮೈಮೇಲೆ ಬೆಳಗಿನ ಏಳು ಗಂಟೆಗೆ ಕೈಯಿಟ್ಟರೆ ಬಾವಿಯಿಂದ ಈಗಷ್ಟೇ ಸೇದಿದ ಕೊಡದ ಹಾಗೆ ತಣ್ಣಗಿರುತ್ತದೆ. ಮಾರ್ಚ್ ಮೊದಲ ವಾರ. ಇನ್ನು ನಾಲ್ಕು ತಾಸು ಕಳೆದರೆ ಈ ಬುರುಜಿನ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಆಗಲೂ ತೋಪು ತಣ್ಣಗೇ ಇರುತ್ತದೆಂದು ಊರಿನ ಮಂದಿ ಹೇಳುತ್ತಾರೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗುಡಿಯ ಗಂಟೆಯಂತೆ ಸಣ್ಣಗೆ ನಾದ ಬರುತ್ತದೆ. ಮೂತಿಯಲ್ಲಿ ಬಾಯಿ ತೆರೆದ ಸಿಂಹ, ಅದರ ಹಲ್ಲಿನ ನಡುವೆ ಸಿಕ್ಕ ಆನೆ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಇದನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಆನೆ, ಎತ್ತು, ಆಳುಗಳ ಹಿಂಡೇ ಸೇರಿ ಇಲ್ಲಿಗೆ ಎಳೆದು ತಂದಿತು. 1854ರಲ್ಲಿ ಇದನ್ನೇ ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ! ಅಷ್ಟಕ್ಕೆ ಕೊಟ್ಟುಬಿಡಲು ಅಧಿಕಾರಿಗಳಿಗೆ ಮನಸ್ಸು ಬಾರದ್ದು ನಮ್ಮ ಪುಣ್ಯ.

ತೋಪಿನ ಮೂತಿ ಇರುವುದು ಪಡುವಣಕ್ಕೆ. ಅದು ದಿಟ್ಟಿಸಿ ನೋಡುತ್ತಿರುವ ದಿಕ್ಕಿಗೇ ಇವತ್ತು ನಾನು ಹೊರಟಿರುವುದು. ಶಿವಾಜಿ ಚೌಕದ ಕಡೆಯಿಂದ ಕೋಟೆಗೋಡೆ ದಾಟಿ ಹೊರಬೀಳುವ ಅಥಣಿ ರಸ್ತೆ ತೊರವಿ, ತಿಕೋಟಾ, ಹೊನವಾಡ, ತೆಲಸಂಗದ ಮೇಲೆ ಹಾದು ಅಥಣಿ ಸೇರುತ್ತದೆ. ಆಮೇಲೂ ನಿಲ್ಲದೆ ಚಿಕ್ಕೋಡಿ, ಸಂಕೇಶ್ವರದವರೆಗೆ ಹೋಗುತ್ತದೆ. ನಾನು ಹೋಗುವುದು ತಿಕೋಟಾದವರೆಗೆ, 20 ಕಿಲೋಮೀಟರಿನ ಆಸುಪಾಸು. ತೊರವಿ ತನಕ ಕಾಲ್ನಡಿಗೆ, ಮುಂದೆ ಬಸ್ಸು.

ಈ ರಸ್ತೆಯಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದ್ದೇನೆ. ಗೋರಿ, ಮಹಲು, ಆಸ್ಪತ್ರೆ, ಕಾಲೇಜು, ಪ್ಲಾಟು, ದ್ರಾಕ್ಷಿ ಎಲ್ಲವೂ ಒಂದರ ಪಕ್ಕ ಒಂದು ಇವೆ. ಇವಕ್ಕೆ ಒಂದಕ್ಕೊಂದು ಏನು ಸಂಬಂಧವೆಂದು ಬಹಳ ದಿನ ಹೊಳೆದಿರಲಿಲ್ಲ. ಹೊಳೆದದ್ದು ನೆಲದ ಮೇಲಿನದನ್ನು ಬಿಟ್ಟು ನೆಲದ ಕೆಳಗಿನದನ್ನು ನೋಡಲು ತೊಡಗಿದಾಗ. ಆದಿಲಶಾಹಿ ರಾಜಧಾನಿಗೆ ಕುಡಿಯುವ ನೀರು ಬಂದದ್ದು ಈ ದಿಕ್ಕಿನಿಂದ. ಊರು ಹೊರಗೆ ಚಾಚಿದ್ದು ಆ ನೀರಿನ ಜಾಡು ಹಿಡಿದು. ಇವತ್ತು ಕೃಷ್ಣಾ ನದಿಯ ನೀರು ಬಂದು ಬೀಳುತ್ತಿರುವುದೂ ಇದೇ ರಸ್ತೆಯ ಹೊಲಗಳಿಗೆ. ಅದಕ್ಕೇ ಇಂದು ನೀರಿನ ಬೆನ್ನು ಹತ್ತಿ ನಡೆಯುವುದೆಂದು ತೀರ್ಮಾನಿಸಿದ್ದೆ.

ಹಾಗಾಗಿ ಮೊದಲು ರಸ್ತೆ ಬಿಟ್ಟು ಮಕ್ಕಾ ದರವಾಜೆಯ ಕಡೆ, ತಾಜ್ ಬಾವಡಿಗೆ. ಓಣಿಯ ಮನೆಗಳ ನಡುವೆ ಹೋಗುತ್ತಿದ್ದ ಹಾಗೇ ಸುಮಾರು 35 ಅಡಿ ಅಗಲದ ಕಮಾನು ಎದುರು ಬಂದು ನಿಲ್ಲುತ್ತದೆ. ಎರಡೂ ಮಗ್ಗುಲಿಗೆ ಎಂಟು ಮೂಲೆಯ ಗೋಪುರಗಳು. ಕಮಾನಿನ ಕೆಳಗೆ ಮೆಟ್ಟಿಲಿಳಿದರೆ ಒಂದೊಂದು ಬದಿಯೂ ಇನ್ನೂರು ಅಡಿ ಮೀರಿದ ಚೌಕ ಬಾವಿ, ತುಂಬ ಹಸಿರು ನೀರು. ಇದನ್ನು ಬಾವಿ ಎನ್ನಲು ಬಾಯಿ ಬರುವುದಿಲ್ಲ, ಹೊಂಡವೆನ್ನಬೇಕು. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ, 1620ರ ಸುಮಾರಿಗೆ, ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಆದದ್ದು. ಬದಿಯ ಕೋಣೆಗಳು ದಾರಿಹೋಕರು ಇಳಿದುಕೊಳ್ಳಲು. ಪಶ್ಚಿಮದಿಂದ ದಣಿದು ಬಂದ ವ್ಯಾಪಾರಿಗೆ ಊರು ಮೊದಲು ಕೊಡುತ್ತಿದ್ದದ್ದು ನೀರು ಮತ್ತು ನೆರಳು.

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜನೊಬ್ಬ ನಾನು ಬರೆದುಕೊಳ್ಳುವುದನ್ನು ನೋಡಿ ಮಾತಿಗೆ ತೊಡಗಿದ. “ನೀವು ಮೊದಲ ನೋಡೀರೇನ್ರಿ ಇದನ್ನ? ನೀರ ಕಾಣ್ತಿರಲಿಲ್ಲ. ಗಣಪ್ಪನ್ನೂ ಇದರಾಗ, ಕಸಾನೂ ಇದರಾಗ. ನಾವು ಸಣ್ಣಾವ್ರಿದ್ದಾಗ ಇಲ್ಲೇ ಈಜ ಕಲತೀವಿ. ನಮ್ಮ ಮಕ್ಕಳಿಗಿ ಮೂಗ ಮುಚ್ಕೋರಿ ಅಂತ ಹೇಳೂ ಕಾಲ ಬಂತು.” ನಾನೂ ಕಂಡಿದ್ದೇನೆ. ಹೂಳು, ಪ್ಲಾಸ್ಟಿಕ್, ಮೂರ್ತಿಗಳ ಸುಣ್ಣ ಬಣ್ಣ ಎಲ್ಲ ಸೇರಿ ಗಬ್ಬೆದ್ದಿತ್ತು. ಏಳೆಂಟು ವರ್ಷಗಳ ಹಿಂದೆ ನೀರನ್ನೆಲ್ಲ ಹೊರಹಾಕಿ ಹೂಳೆತ್ತಿದಾಗ ಊರಿನ ಮಂದಿ ಜಾತ್ರೆಗೆ ಬಂದಂತೆ ಬಂದು ತಳ ನೋಡಿಹೋದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಜಗತ್ತಿನ ಕಾಳಜಿ ಬೇಡುವ ತಾಣಗಳ 2020ರ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿತು. ನಮ್ಮ ಬಾವಡಿಗಳ ಬೆಲೆಯನ್ನು ಹೊರಗಿನವರು ಹೇಳಿ ನಾವು ಕೇಳುವಂತಾಯಿತಲ್ಲ ಎಂದು ಆಗ ಸಂಕಟವಾಗಿತ್ತು. ಇವತ್ತು ಈ ಅಜ್ಜನ ಪಕ್ಕ ಕೂತಾಗ ಆ ಸಂಕಟ ಕಡಿಮೆಯಾಯಿತು. ಬೆಲೆ ಇವನಿಗೆ ಮೊದಲೇ ಗೊತ್ತಿತ್ತು.

ಅಲ್ಲಿಂದ ಪಡುವಣಕ್ಕೆ ಹತ್ತು ಹನ್ನೆರಡು ನಿಮಿಷ ನಡೆದರೆ ಇಬ್ರಾಹಿಂ ರೋಜಾ. ಗೋಳಗುಮ್ಮಟಕ್ಕೆ ಬಸ್ಸುಗಟ್ಟಲೆ ಬರುವ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟೂ ಇಲ್ಲಿಗೆ ಬರುವುದಿಲ್ಲ ಎನ್ನುವುದು ನನ್ನ ಬಹಳ ದಿನದ ಕೊರಗು. ಒಂದೇ ಜಗಲಿಯ ಮೇಲೆ ಎದುರು ಬದುರಾಗಿ ರೋಜಾ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ತಾಜ್ ಸುಲ್ತಾನಾಳಿಗಾಗಿ ಎಬ್ಬಿಸಿದ ಕಟ್ಟಡದಲ್ಲಿ 1627ರಲ್ಲಿ ತೀರಿಕೊಂಡ ಇಬ್ರಾಹಿಂನೂ ಮಲಗಿದ್ದಾನೆ. ಕಟ್ಟಿಸುವ ಹೊಣೆ ಹೊತ್ತವನು ಮಲಿಕ್ ಸಂದಲ್. ಒಂದೂವರೆ ಲಕ್ಷ ಹೊನ್ನಿನ ಮೇಲೆ ಒಂಬೈನೂರು ಖರ್ಚಾಯಿತೆಂದು ಗೋಡೆಯ ಬರಹದಲ್ಲೇ ಲೆಕ್ಕ ಇದೆ. ಆ ಒಂಬೈನೂರನ್ನೂ ಬಿಡದೆ ಕೆತ್ತಿಸಿದವನ ಶಿಸ್ತು ನನಗೆ ಬಲು ಇಷ್ಟ.

ಇಲ್ಲಿ ಒಂದು ಕಿಟಕಿಯ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಕು. ಹೊರಗಿನಿಂದ ನೋಡಿದರೆ ಕಲ್ಲಿನ ಜಾಲಂಧ್ರ. ಹತ್ತಿರ ಹೋದರೆ ಜಾಲದ ಎಳೆ ಎಳೆಯೂ ಅರಬ್ಬಿ ಅಕ್ಷರ. ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ಎಲ್ಲ ಕಡೆ ಇದೆ. ಇಲ್ಲಿ ಅಕ್ಷರ ಉಳಿಸಿಕೊಂಡು ಸುತ್ತಲಿನ ಕಲ್ಲನ್ನು ಆರಪಾರ ತೆಗೆದುಬಿಟ್ಟಿದ್ದಾರೆ. ಒಳಗೆ ನಿಂತರೆ ಬಿಸಿಲು ಅಕ್ಷರಗಳ ನಡುವಿನ ಸಂದಿನಿಂದ ಸೋಸಿ ಬರುತ್ತದೆ, ನೆರಳಿನ ಅಕ್ಷರಗಳು ನೆಲದ ಮೇಲೆ ಬೀಳುತ್ತವೆ. ಒಂದು ಅಕ್ಷರದ ಬಾಲ ಇನ್ನೊಂದರ ಕೊರಳಿಗೆ ತಾಗಿರುವಲ್ಲಿ ಬೆರಳು ಆಡಿಸಿದೆ. ಮೂಲೆ ಇನ್ನೂ ಚೂಪಾಗಿದೆ. ಉಳಿಯ ಒಂದು ಪೆಟ್ಟು ಹೆಚ್ಚು ಬಿದ್ದಿದ್ದರೆ ಅಕ್ಷರ ಮುರಿದು ಇಡೀ ಹಾಸುಗಲ್ಲು ವ್ಯರ್ಥವಾಗುತ್ತಿತ್ತು. ಗೋರಿಯ ಕೋಣೆಯ ಮಾಳಿಗೆ ನಲವತ್ತು ಅಡಿ ಚೌಕದ ಸಪಾಟು ಕಲ್ಲುಹಾಸು. ನಡುವೆ ಕಂಬವಿಲ್ಲ, ತೊಲೆಯೂ ಇಲ್ಲ, ಕಲ್ಲಿಗೆ ಕಲ್ಲು ಗಾರೆಯ ಹಿಡಿತದಲ್ಲಿ ನಿಂತಿದೆ. ಈ ಊರಿನ ಗೌಂಡಿಗಳಿಗೆ ಗಾರೆಯ ಮೇಲೆ ಅಷ್ಟು ಭರವಸೆ ಇತ್ತು. ಅದೇ ಗಾರೆ ನೀರಿನ ಕೊಳವೆಗಳನ್ನೂ ಕಾಯ್ದಿತ್ತು, ಆ ಮಾತು ಮುಂದೆ ಬರುತ್ತದೆ.

ಮತ್ತೆ ಅಥಣಿ ರಸ್ತೆ. ಗಂಟೆ ಒಂಬತ್ತಾಗಿದೆ, ಟಂಟಂ ರಿಕ್ಷಾಗಳ ಗದ್ದಲ ಏರಿದೆ. ಇಲ್ಲಿಂದ ರಸ್ತೆಯ ಮುಖವೇ ಬೇರೆ. ಜಿಲ್ಲಾ ಆಸ್ಪತ್ರೆ ಇರುವುದು ಈ ರಸ್ತೆಯಲ್ಲಿ, 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಇರುವುದೂ ಈ ರಸ್ತೆಯಲ್ಲೇ. ಅವೆರಡರ ಸುತ್ತ ಔಷಧಿ ಅಂಗಡಿ, ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ಖಾನಾವಳಿ, ಚಹಾದಂಗಡಿ, ಎಳನೀರಿನ ಗಾಡಿ. ಜಿಲ್ಲೆಯ ಪಶ್ಚಿಮದ ಹಳ್ಳಿಗಳಿಗೆ ವಿಜಯಪುರ ಎಂದರೆ ಇಷ್ಟೇ ಜಾಗ. ಗೋಳಗುಮ್ಮಟವನ್ನು ಒಮ್ಮೆಯೂ ಹತ್ತಿ ನೋಡದ ಮುದುಕಿಯರಿಗೆ ಈ ಆಸ್ಪತ್ರೆಯ ಪ್ರತಿ ಬಾಗಿಲೂ ಗೊತ್ತಿರುತ್ತದೆ.

ಬೇವಿನ ಮರದ ಕೆಳಗೆ ಗೋಣಿ ಹಾಸಿ ಒಂದು ಕುಟುಂಬ ಬುತ್ತಿ ಬಿಚ್ಚಿತ್ತು. ಬಿಳಿ ಅರಿವೆಯಲ್ಲಿ ಕಟಕ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. “ಯಾವೂರ ಯವ್ವಾ?” ಎಂದೆ. “ಬಾಬಾನಗರ್ರೀ. ಸೊಸಿ ಹಡದಾಳ. ಹೆಣ್ಣ ಕೂಸು” ಎಂದು ಆಕೆ ರೊಟ್ಟಿ ಮುರಿದು ನನ್ನ ಕಡೆಯೂ ಚಾಚಿದಳು. ಬೇಡವೆನ್ನಲು ಮನಸ್ಸಾಗಲಿಲ್ಲ. “ಬಾರಿ ಬಿಸಲ ಐತಿ, ನೀವ್ಯಾಕ ನಡಕೋತ ಹೊಂಟೀರಿ?” ಎಂದು ಕೇಳಿದಳು. ತೊರವಿವರೆಗೆ ಎಂದಾಗ, “ಲಕ್ಷ್ಮವ್ವಗ ಹರಕಿ ಇರಬೇಕು” ಎಂದು ತಾನೇ ಉತ್ತರವನ್ನೂ ಕೊಟ್ಟುಕೊಂಡಳು.

ಅಫಜಲಪುರ ಟಕ್ಕೆಯ ಹೆಸರು ಕೇಳಿದರೆ ಈಗಿನವರಿಗೆ ನೆನಪಾಗುವುದು ಮನೆಗಳ ಸಾಲು, ಬಾಡಿಗೆ ರೂಮು. ಪ್ರತಾಪಗಡದ ಬುಡದಲ್ಲಿ 1659ರ ನವೆಂಬರ್ 10ರಂದು ಶಿವಾಜಿಯ ಕೈಯಲ್ಲಿ ಮಡಿದ ಆದಿಲಶಾಹಿ ಸರದಾರ ಅಫಜಲಖಾನನ ಪೇಟೆ ಇದು. ತನಗೆಂದು ಅವನು ಇಲ್ಲಿ ಕಟ್ಟಿಸಲು ಹಿಡಿದ ಗೋರಿ ಅಪೂರ್ಣವಾಗಿಯೇ ಉಳಿಯಿತು, ಅವನ ಹೆಣ ಇಲ್ಲಿಗೆ ಬರಲೇ ಇಲ್ಲ. ಮುಖ್ಯ ರಸ್ತೆ ಬಿಟ್ಟು ಒಳದಾರಿ ಹಿಡಿದರೆ ಸಾಠ್ ಕಬರ್ ಸಿಗುತ್ತದೆ. ಕರಿಕಲ್ಲಿನ ಕಟ್ಟೆಯ ಮೇಲೆ ಏಳು ಸಾಲಿನಲ್ಲಿ ಗೋರಿಗಳು. ಮೊದಲ ನಾಲ್ಕು ಸಾಲಿನಲ್ಲಿ ಹನ್ನೊಂದು ಹನ್ನೊಂದು, ಐದನೆಯದರಲ್ಲಿ ಐದು, ಕೊನೆಯ ಎರಡರಲ್ಲಿ ಏಳೇಳು. ಒಟ್ಟು 63. ಎಲ್ಲವೂ ಒಂದೇ ಅಳತೆ, ಒಂದೇ ಅಂತರ. ಎಲ್ಲದರ ಮೇಲ್ಕಲ್ಲೂ ಸಪಾಟು, ಅದು ಹೆಂಗಸರ ಗೋರಿಯ ಗುರುತು. ದಂಡಿಗೆ ಹೊರಡುವ ಮುನ್ನ ಜೋಯಿಸರ ಮಾತು ಕೇಳಿ, ತಾನು ಮರಳಿ ಬರಲಾರೆನೆಂದು ನಂಬಿ, ಖಾನನು ತನ್ನ ಹೆಂಡಿರನ್ನೆಲ್ಲ ಕೊಂದನೆಂಬುದು ಜನರ ಬಾಯಲ್ಲಿ ನಿಂತ ಕತೆ. ಬಾವಿಗೆ ನೂಕಿದ ಎಂದು ಪಕ್ಕದ ಬಾವಿಯನ್ನೂ ತೋರಿಸುತ್ತಾರೆ. ಕತೆಯನ್ನು ಪಕ್ಕಕ್ಕಿಟ್ಟು ಬರಿಯ ಗೋರಿಗಳನ್ನೇ ನೋಡಿದರೂ ಎದೆ ಭಾರವಾಗುತ್ತದೆ. ಅರವತ್ತಮೂರರಲ್ಲಿ ಒಂದರ ಮೇಲೂ ಹೆಸರಿಲ್ಲ. ಇಬ್ರಾಹಿಂ ರೋಜಾದಲ್ಲಿ ಒಂಬೈನೂರು ಹೊನ್ನಿನ ಲೆಕ್ಕ ಸಿಗುತ್ತದೆ. ಇಲ್ಲಿ ಮಲಗಿದವರ ಹೆಸರು ಕಲ್ಲಿನಲ್ಲೂ ಇಲ್ಲ, ಬಾಯಿಮಾತಿನಲ್ಲೂ ಇಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲ ಸುರಂಗ ಬಾವಡಿ. ಇಡೀ ದಾರಿಯಲ್ಲಿ ನಾನು ಕಾಣಬೇಕೆಂದಿದ್ದ ಜಾಗ ಇದು. ದೊಡ್ಡ ಕಟ್ಟಡ ಇಲ್ಲ, ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಂಥದ್ದೂ ಏನಿಲ್ಲ. ನೆಲದಲ್ಲಿ ಬಾಯ್ದೆರೆದ ಒಂದು ಬಾವಿ, ಅದರೊಳಗೆ ಕಲ್ಲು ಕೊರೆದ ಸುರಂಗದ ಬಾಯಿ. ಮೊದಲನೆಯ ಅಲಿ ಆದಿಲಶಹನ ಕಾಲದಿಂದ ತೊರವಿಯ ಒರತೆಯ ನೀರು ನೆಲದೊಳಗಿನ ಸುರಂಗದಲ್ಲಿ ಹರಿದು ಊರಿಗೆ ಹೋಗುತ್ತಿತ್ತು. ಪರ್ಷಿಯಾದ ಕಡೆಯಿಂದ ಬಂದ ಈ ವಿದ್ಯೆಗೆ ಕರೇಜ್ ಎನ್ನುತ್ತಾರೆ. ಬೀದರಿನಲ್ಲೂ ಇದೆ.

ಕೆಲಸ ಮಾಡುವ ಬಗೆ ಸರಳ, ಮಾಡಿಸುವುದು ಕಠಿಣ. ತೊರವಿಯ ಕಡೆ ನೆಲ ಊರಿಗಿಂತ ಎತ್ತರ. ಅಲ್ಲಿ ನೆಲದಡಿಯ ನೀರಿನ ಮಟ್ಟಕ್ಕೆ ಕೊರೆದು, ಅಲ್ಲಿಂದ ಊರಿನತ್ತ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ ತೋಡುತ್ತ ಬರಬೇಕು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಗೋಡೆ ಕೊರೆಯುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ ಇಳಿಸುತ್ತಾರೆ. ಮಣ್ಣು ಹೊರಗೆ ತರಲು ಅದೇ ದಾರಿ, ಒಳಗಿನವರಿಗೆ ಗಾಳಿ ಬರಲೂ ಅದೇ ದಾರಿ, ಆಮೇಲೆ ಹೂಳು ತೆಗೆಯಲು ಇಳಿಯುವುದೂ ಅಲ್ಲೇ. ಎತ್ತಿಲ್ಲ, ಕಪಿಲೆಯಿಲ್ಲ, ನೀರು ತನ್ನ ಭಾರಕ್ಕೆ ತಾನೇ ನಡೆಯುತ್ತದೆ. ಬಿಸಿಲಿಗೆ ಮುಖ ತೋರಿಸದ ಕಾರಣ ಆರಿಯೂ ಹೋಗುವುದಿಲ್ಲ. ಮುತ್ತಿಗೆ ಹಾಕಿದ ಶತ್ರುವಿಗೆ ಕಣ್ಣಿಗೂ ಬೀಳುವುದಿಲ್ಲ. ಊರೊಳಗೆ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ನೀರನ್ನು ತೊಟ್ಟಿ ತೊಟ್ಟಿಗಳಿಗೆ ಹಂಚುತ್ತಿದ್ದವು. ಒತ್ತಡ ತಡೆದು ಕೆಸರು ಕೆಳಗೆ ಕೂರಿಸಲು ನಡುನಡುವೆ ಗಂಜ್ ಎಂಬ ನೀರಿನ ಗೋಪುರಗಳಿದ್ದವು. ಅವುಗಳಲ್ಲಿ ಕೆಲವು ಇವತ್ತಿಗೂ ಓಣಿಗಳಲ್ಲಿ ನಿಂತಿವೆ. 1651ರಲ್ಲಿ ಮಹಮ್ಮದ್ ಆದಿಲಶಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿಸುವವರೆಗೆ ವಿಜಯಪುರ ಬಹುಮಟ್ಟಿಗೆ ತೊರವಿಯ ಕಡೆ ಕೈಚಾಚಿ ಕುಡಿದ ಊರು.

ಬಾವಿಯ ದಂಡೆಯಲ್ಲಿ ಕೂತು ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಕಾದೆ. ಸುರಂಗದ ಗೋಡೆಯಲ್ಲಿ ಹಾರೆಯ ಗುರುತು ಓರೆಯಾಗಿ, ಒಂದರ ಕೆಳಗೆ ಒಂದು. ಬಲಗೈಯವನೊಬ್ಬ ಮೇಲಿನಿಂದ ಕೆಳಕ್ಕೆ ಹೊಡೆಯುತ್ತ ಹೋದದ್ದು ಸ್ಪಷ್ಟ. ಒಂದು ಆಳು ಬಗ್ಗಿ ಹೋಗುವಷ್ಟು ಜಾಗದಲ್ಲಿ, ಎಣ್ಣೆದೀಪದ ಹೊಗೆಯಲ್ಲಿ, ದಿನಕ್ಕೆ ಎಷ್ಟು ಗೇಣು ಮುಂದೆ ಹೋಗಿರಬಹುದು? ಗುಮ್ಮಟಗಳನ್ನು ಕಟ್ಟಿಸಿದವರ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅವರನ್ನು ಒಮ್ಮೆ ಕರೆತಂದು ಈ ಗುರುತನ್ನೂ ತೋರಿಸಬೇಕು. ಸುತ್ತಲೂ ಈಗ ಪ್ಲಾಟಿನ ಕಲ್ಲುಗಳು ನಾಟಿವೆ, ಬಿಳಿ ಬಣ್ಣ ಬಳಿದು ನಂಬರು ಹಾಕಿದ್ದಾರೆ. ಮನೆ ಬೇಕಾದವರು ಕಟ್ಟಿಕೊಳ್ಳಲಿ, ಊರು ಬೆಳೆಯಬೇಕಾದದ್ದೇ. ಆದರೆ ಕೊಳವೆಬಾವಿಯ ಯಂತ್ರ ತರುವ ಮೊದಲು, ಪಾಯ ತೋಡುವ ಮೊದಲು, ಸುರಂಗ ಎಲ್ಲಿ ಹಾದಿದೆಯೆಂದು ನೆಲದ ಮೇಲೆ ಗುರುತು ಹಾಕಿಡುವುದು ಇಂದೇ ಆಗಬೇಕಾದ ಕೆಲಸ. ಒಂದು ಪಾಯ ಅಡ್ಡ ಬಂದರೂ ನಾಲ್ಕೂವರೆ ಶತಮಾನದ ಹಾದಿ ಅಲ್ಲಿಗೆ ಮುಗಿಯುತ್ತದೆ.

ತೊರವಿ ಬಂತು. ಚಹಾ ಕುಡಿದು ನರಸಿಂಹನ ಗುಡಿಗೆ ಹೋದೆ. ಹೊರಗಿನ ಬಿಸಿಲಿಗೆ ಒಳಗಿನ ತಂಪು ಹಿತವಾಗಿತ್ತು. ಕುಮಾರ ವಾಲ್ಮೀಕಿಯೆಂದು ಹೆಸರಾದ ನರಹರಿ ಕವಿ ಐದು ಸಾವಿರಕ್ಕೂ ಹೆಚ್ಚು ಭಾಮಿನಿ ಷಟ್ಪದಿಗಳಲ್ಲಿ ರಾಮಾಯಣ ಹಾಡಿ ಅರ್ಪಿಸಿದ್ದು ಈ ತೊರವೆಯ ನರಸಿಂಹನಿಗೆ. ತೊರವೆ ರಾಮಾಯಣವೆಂಬ ಹೆಸರೇ ಊರಿನಿಂದ ಬಂದದ್ದು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ರಾಮಾಯಣ ಪ್ರಸಂಗಗಳ ಬೆನ್ನಿಗಿರುವುದೂ ಈ ಕಾವ್ಯವೇ. ಕಾಸರಗೋಡಿನ ಬಯಲಿನಲ್ಲಿ ಇರುಳಿಡೀ ಚೆಂಡೆ ಬಡಿದು ರಾಮ ವನವಾಸಕ್ಕೆ ಹೊರಟಾಗ, ಅದರ ಹಿಂದೆ ಈ ಒಣನೆಲದ ಊರೊಂದು ಇದೆಯೆಂದು ಅಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತು? ವಿಜಯಪುರದ ಪ್ರವಾಸಿ ನಕಾಶೆಗಳಲ್ಲಿ ತೊರವಿಗೆ ಒಂದು ಚುಕ್ಕೆಯ ಜಾಗವೂ ಸಿಗುವುದು ಕಡಿಮೆ. ಗಮಕಿಗಳು ವರ್ಷಕ್ಕೊಮ್ಮೆ ಇಲ್ಲಿ ಬಂದು ಹಾಡಿದರೆ ಎಷ್ಟು ಚೆಂದ!

ಇದೇ ಮಣ್ಣಿನಲ್ಲಿ ಇನ್ನೊಂದು ಹಾಡಿನ ಊರೂ ಇತ್ತು. 1599ರಲ್ಲಿ ಎರಡನೆಯ ಇಬ್ರಾಹಿಂ ತೊರವಿಯ ಪಕ್ಕ ನವರಸಪುರ ಕಟ್ಟಿಸಲು ತೊಡಗಿದ. ಜನ ಅವನನ್ನು ಜಗದ್ಗುರು ಬಾದಶಹ ಎಂದರು. ಸರಸ್ವತಿಯ ಸ್ತುತಿಯಿಂದ ತೊಡಗುವ ‘ಕಿತಾಬ್-ಎ-ನವರಸ್’ ಬರೆದವನು ಅವನು. ದಖನಿ ಮಾತಿನ ಆ ಹಾಡುಗಳಿಗೆ ಒಂದೊಂದಕ್ಕೂ ರಾಗ ಗೊತ್ತುಮಾಡಿದ್ದ. ಅವನ ತಂಬೂರಿಗೆ ಮೋತಿಖಾನ್ ಎಂದು ಹೆಸರು, ಮೆಚ್ಚಿನ ಆನೆಗೆ ಆತಶ್ ಖಾನ್. ಎರಡೂ ಹಾಡಿನಲ್ಲಿ ಬರುತ್ತವೆ. ಬಾಣಂತಿಗೆ ಬುತ್ತಿ ತಂದ ಆ ತಾಯಿಯ ಹಾಗೆ, ತನ್ನದೆಂಬುದನ್ನೆಲ್ಲ ಮಾತಿಗೆ ಎಳೆದು ತರುವ ಮನುಷ್ಯ ಅವನಿರಬೇಕು.

ಹೊಸ ರಾಜಧಾನಿಗೆ ಈ ಜಾಗವೇ ಏಕೆ ಎಂದು ನಾನು ಕೇಳಿಕೊಂಡಾಗಲೆಲ್ಲ ಸುರಂಗ ಬಾವಡಿಯತ್ತ ನೋಡುತ್ತೇನೆ. ಊರಿಗೆ ಹೋಗುವ ನೀರು ಹುಟ್ಟುವ ಕಡೆಗೇ ಊರನ್ನು ತರುವ ಮನಸ್ಸು ಅವನಿಗಾಗಿರಬೇಕೆಂದು ನನ್ನ ಊಹೆ. ಕೋಟೆಗೋಡೆ ಪೂರ್ತಿ ಆಗಲಿಲ್ಲ. 1624ರಲ್ಲಿ ಭಾತವಡಿಯ ಯುದ್ಧ ಗೆದ್ದ ಅಹಮದನಗರದ ಮಲಿಕ್ ಅಂಬರ್ ಇಲ್ಲಿಗೆ ಬಂದು ನವರಸಪುರವನ್ನು ಸುಲಿದ. ಒಂದೇ ತಲೆಮಾರಿನಲ್ಲಿ ಹುಟ್ಟಿ ಹಾಳಾದ ಊರು. ಉಳಿದದ್ದರಲ್ಲಿ ಮುಖ್ಯವಾದದ್ದು ಸಂಗೀತ ಮಹಲು. ಊರೊಳಗಿನ ಗಗನ ಮಹಲಿನ ಅಚ್ಚು ಇದು: ನಡುವೆ ಭಾರಿ ಕಮಾನು, ಎರಡೂ ಬದಿಗೆ ಕಿರಿದಾದ ಎತ್ತರದ ಕಮಾನುಗಳು. ಎದುರಿಗೆ ನೀರಿನ ಹೊಂಡ. ಮಾಳಿಗೆ ಹಾರಿಹೋಗಿದೆ, ಗಿಳಿಗಳು ಗೋಡೆಯ ಸಂದಿನಲ್ಲಿ ಮನೆ ಮಾಡಿವೆ. ಕಮಾನಿನ ಅಡಿ ನಿಂತು ಸಣ್ಣಗೆ ಒಂದು ಸ್ವರ ಹಿಡಿದೆ. ಎದುರಿನ ಗೋಡೆ ಅದನ್ನು ತುಸು ದುಂಡಗೆ ಮಾಡಿ ಮರಳಿಸಿತು. ನವರಸಪುರ ಉತ್ಸವದ ಹೆಸರಿನಲ್ಲಿ ಸರಕಾರ ಹಾಡು ಕುಣಿತ ನಡೆಸಿದ್ದುಂಟು. ಆದರೆ ವರ್ಷ ತಪ್ಪಿಸದೆ ನಡೆಯುವ ಹಬ್ಬ ಅದಾಗಲಿಲ್ಲ. ಹತ್ತಿರದ ಹೊಲದಲ್ಲಿ ಕಡಲೆ ರಾಶಿ ನಡೆದಿತ್ತು, ಯಂತ್ರದ ಧೂಳು ಮಹಲಿನ ಒಳಗೂ ಬರುತ್ತಿತ್ತು.

ಊರು ಇಲ್ಲಿಗೆ ಬರುವುದು ನಾಲ್ಕು ನೂರು ವರ್ಷ ತಡವಾಯಿತು, ಬೇರೆಯದೇ ವೇಷದಲ್ಲಿ ಬಂತು. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ವಿಜಯಪುರದಲ್ಲಿ ಸ್ಥಾಪನೆಯಾಯಿತು. ಅದರ ಜ್ಞಾನಶಕ್ತಿ ಆವರಣ ಇರುವುದು ತೊರವಿಯಲ್ಲಿ. 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಮಧ್ಯಾಹ್ನದ ಬಸ್ಸಿಗೆ ಕಾದು ನಿಂತ ಹುಡುಗಿಯರ ಜೊತೆ ನಾನೂ ನಿಂತೆ. ಬೆನ್ನಿಗೆ ಚೀಲ, ತಲೆ ಮುಖಕ್ಕೆ ಸುತ್ತಿದ ಓಢಣಿ, ಕೈಯಲ್ಲಿ ಆಧಾರ್ ಕಾರ್ಡು. ಒಬ್ಬಳನ್ನು “ತಂಗಿ, ದಿನಾ ಎಲ್ಲಿಂದ ಬರ್ತೀಯವಾ?” ಎಂದು ಕೇಳಿದೆ. ಇಂಡಿ ತಾಲೂಕಿನ ಹಳ್ಳಿಯೊಂದರ ಹೆಸರು ಹೇಳಿದಳು. ಎರಡು ಬಸ್ಸು ಬದಲಿಸಬೇಕು. “ಮೊದಲ ಮನ್ಯಾಗ ಹಾಸ್ಟೆಲ್ ಬ್ಯಾಡ, ದಿನಾ ಬಸ್ ಚಾರ್ಜೂ ಬ್ಯಾಡ ಅಂತಿದ್ರೀ. ಈಗ ಚಾರ್ಜಿನ ಮಾತ ಇಲ್ಲ. ಓದೂದಷ್ಟ ಉಳದೈತಿ” ಎಂದು ನಕ್ಕಳು. 2023ರ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ ಈ ರಸ್ತೆಯ ಬಸ್ಸುಗಳ ಒಳಗಿನ ಚಿತ್ರವೇ ಬದಲಾಗಿದೆ. ಸೀಟು ಸಿಗುವುದಿಲ್ಲವೆಂದು ಗೊಣಗುವವರಿದ್ದಾರೆ. ಕಂಬ ಹಿಡಿದು ನಿಂತೇ ಪುಸ್ತಕ ಓದುತ್ತಿದ್ದ ಇಬ್ಬರನ್ನು ಕಂಡ ಮೇಲೆ ನನಗೆ ಗೊಣಗಲು ಮನಸ್ಸಿಲ್ಲ. ನನಗೂ ಸೀಟು ಸಿಗಲಿಲ್ಲ.

ತೊರವಿ ದಾಟಿದ ಮೇಲೆ ಆಕಾಶ ದೊಡ್ಡದಾಗುತ್ತದೆ. ಬಯಲು, ಮಡ್ಡಿ, ಮತ್ತೆ ಬಯಲು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ ಸೀಮೆ ಇದು. ಆ ಡೋಣಿ ಹೊಳೆಯ ಎರೆಹೊಲಗಳಿರುವುದು ತಗ್ಗಿನಲ್ಲಿ. ಮೇಲಿನ ಮಡ್ಡಿಯ ಮಂದಿಗೆ ಮಳೆಯೊಂದೇ ಗತಿಯಾಗಿತ್ತು. ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು ಚಪ್ಪರಗಳು ಅದೇ ಮಡ್ಡಿಯ ಮೇಲೆ ಎದ್ದಿವೆ. ಕಲ್ಲುಗಂಬ, ತಂತಿ, ಅದರ ಮೇಲೆ ಬಳ್ಳಿ. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ, ಅದರಲ್ಲಿ ತಿಕೋಟಾ ಮತ್ತು ಬಬಲೇಶ್ವರದ ಪಾಲು ದೊಡ್ಡದು. ಎರಡೂ 2018ರಲ್ಲಿ ತಾಲೂಕುಗಳಾದವು. ತಿಕೋಟಾದಲ್ಲಿ ಇಳಿದಾಗ ಪೇಟೆಯ ಅಂಗಡಿಗಳ ಸಾಲೇ ಬದಲಾವಣೆ ಹೇಳುತ್ತಿತ್ತು: ಡ್ರಿಪ್ ಪೈಪು, ಔಷಧಿ ಹೊಡೆಯುವ ಬ್ಲೋವರ್, ಕ್ರೇಟು, ಪ್ಲಾಸ್ಟಿಕ್ ಹಾಳೆ.

ಹಳೆಯ ಪರಿಚಯದ ರೈತ ಕಾಕಾ ಮೋಟರ್‌ಸೈಕಲ್ ತಂದು ಕಾದಿದ್ದರು. ತೋಟಕ್ಕೆ ಕರೆದೊಯ್ದು ಮೊದಲು ತೋರಿಸಿದ್ದು ಬಳ್ಳಿಯನ್ನಲ್ಲ, ಕೃಷಿ ಹೊಂಡವನ್ನು. ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ತೊಟ್ಟಿ, ಗಾಳಿಗೆ ನೀರಿನ ಮೇಲೆ ಸಣ್ಣ ಸುಕ್ಕು. “ಬರ ಬಿದ್ದಾಗ ಟ್ಯಾಂಕರ್ ತಂದು ಬಳ್ಳಿ ಬದುಕಿಸೇವ್ರಿ. ಬೆಳಿಗಿ ಅಲ್ಲ, ಬರೇ ಬಳ್ಳಿ ಸಾಯಬಾರದು ಅಂತ. ಹೆಂಡತಿ ಬಂಗಾರ ಬ್ಯಾಂಕಿನಾಗಿಟ್ಟು ನೀರ ತಂದೇನಿ” ಎಂದರು.

ಈಗ ಜಮಖಂಡಿ ತಾಲೂಕಿನ ಕವಟಗಿಯ ಹತ್ತಿರ ಕೃಷ್ಣೆಯಿಂದ ನೀರೆತ್ತಿ ಕೊಳವೆ, ಕಾಲುವೆಗಳಲ್ಲಿ ಈ ಮಡ್ಡಿಗೆ ತರುತ್ತಾರೆ. ತುಬಚಿ-ಬಬಲೇಶ್ವರ ಏತ ನೀರಾವರಿ ಎಂದು ಹೆಸರು. ಸುಮಾರು 52 ಸಾವಿರ ಹೆಕ್ಟೇರಿಗೆ ನೀರುಣಿಸುವ ಗುರಿ. ಕೆರೆಗಳಿಗೆ ನೀರು ಬಿಟ್ಟ ಮೇಲೆ ಸುತ್ತಲಿನ ಬಾವಿಗಳಲ್ಲೂ ನೀರು ಏರಿದೆಯೆಂದು ಕಾಕಾ ಕೈ ಮಾಡಿ ತೋರಿಸಿದರು. ತೊರವಿಯ ನೀರು ತಾನಾಗಿ ಇಳಿದು ಬರುತ್ತಿತ್ತು. ಈ ನೀರನ್ನು ಮಾತ್ರ ಕರೆಂಟು ಹೆಗಲ ಮೇಲೆ ಹೊತ್ತು ಏರಿಸಬೇಕು. ಸುರಂಗದ ಗೋಡೆಯ ಮುಂದೆ ಕೂತು ಬಂದವನಿಗೆ ಆ ವ್ಯತ್ಯಾಸ ಮನಸ್ಸಿನಲ್ಲಿ ಉಳಿದಿತ್ತು. ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕ ನೋಡ್ರಿ ಹನಿ ಹನಿ ಲೆಕ್ಕ ಹಾಕಿ ಬಿಡ್ತೀನಿ” ಎಂದು ಬಗ್ಗಿ ಡ್ರಿಪ್ಪಿನ ಒಂದು ತೂತಿಗೆ ಬೆರಳೊತ್ತಿದರು. ಬೆರಳು ತೆಗೆದಾಗ ಬಳ್ಳಿಯ ಬುಡದಲ್ಲಿ ಹನಿ ಮತ್ತೆ ಬೀಳತೊಡಗಿತು.

ದ್ರಾಕ್ಷಿ ಪಡದ ಆಚೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡು. ಅಕ್ಟೋಬರದಲ್ಲಿ ಚಾಟಣಿ ಮಾಡಿ ಸವರಿದ ಬಳ್ಳಿ ಈಗ ಹಣ್ಣು ಕೊಟ್ಟಿದೆ. ಹೆಣ್ಣಾಳುಗಳು ಗೊನೆ ಕೊಯ್ದು ಕ್ರೇಟಿಗೆ ತುಂಬುತ್ತಿದ್ದರು. ಕ್ರೇಟನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ಬೂದಿ ಬಳಿದಂಥ ಮೇಣದ ಪೊರೆ ಇರುತ್ತದೆ. ಅದು ಸಡಿಲವಾದರೆ ಒಳಗಿನ ನೀರು ಬೇಗ ಹೊರಹೋಗುತ್ತದೆ. ಆಮೇಲೆ ನಾಲ್ಕೂ ಬದಿ ತೆರೆದ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರಡುವುದು. ಬಿಸಿಲು ನೇರ ಬೀಳಬಾರದು, ಗಾಳಿ ಮಾತ್ರ ಆಡಬೇಕು. ನಡುವೆ ಅಕಾಲ ಮಳೆ ಬಂದರೆ ಎಲ್ಲ ಕಪ್ಪಾಗಿ ಹಾಳು. ನಾಲ್ಕು ಕಿಲೋ ಹಣ್ಣು ಒಣಗಿ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಸಾಂಗಲಿ, ತಾಸಗಾಂವಿಗೆ ಹೋಗುತ್ತದೆ, ವಿಜಯಪುರದ ಮಾರುಕಟ್ಟೆಗೂ ಹೋಗುತ್ತದೆ.

ಕೆಳಗಿನ ಜಾಳಿಗೆಯಲ್ಲಿ ನಾಲ್ಕು ದಿನ ಕಳೆದ ಹಣ್ಣಿತ್ತು. ಒಂದನ್ನು ಎತ್ತಿಕೊಂಡೆ. ಸಿಪ್ಪೆ ಸೊರಗಿ ಉದ್ದಕ್ಕೆ ನೆರಿಗೆ ಬಿದ್ದಿತ್ತು, ಒಳಗೆ ಇನ್ನೂ ನೀರು. ಹಲ್ಲಿಗೆ ಸಿಕ್ಕಾಗ ಹಣ್ಣೂ ಅಲ್ಲ, ಮಣೂಕವೂ ಅಲ್ಲ, ಹುಳಿ ಮುಂದಾಗಿ ಸಿಹಿ ಹಿಂದೆ ಬಂತು.

“ಈಗ್ಯಾಕ ತಿಂತೀರಿ?” ಎಂದು ಕಾಕಾ ನನ್ನ ಕೈಯಲ್ಲಿದ್ದ ಇನ್ನೊಂದನ್ನು ತೆಗೆದು ಜಾಳಿಗೆಗೆ ಹಾಕಿದರು. “ಹತ್ತ ದಿವಸ ಬಿಟ್ಟು ಬರ್ರಿ. ನೀರ ಪೂರಾ ಹೋಗಿರ್ತದ.”